ಕೆಂಚನಿಗೊಂದು ಕಲ್ಲು

ನಮ್ಮ ಮನೆಯ ಕೆಂಚ 2025ರ ಜ್ಯೇಷ್ಠ ಮಾಸದಲ್ಲಿ ತೀರಿಕೊಂಡ. ನಾಯಿಗೆ ‘ಸತ್ತಿತು’ ಎಂದರೆ ಸಾಲದೆ, ಎಂದು ವ್ಯಾಕರಣ ಬಲ್ಲವರು ಕೇಳಿಯಾರು. ಐದು ವರ್ಷ ನಮ್ಮ ಹೊಸಿಲು ಕಾಯ್ದವನ ವಿಷಯದಲ್ಲಿ ಆ ಮಾತು ನಾಲಿಗೆಗೆ ಬರುವುದಿಲ್ಲ, ಓದುಗರು ಮನ್ನಿಸಬೇಕು. ಈ ಸಲದ ಪುಟ ಅವನಿಗೇ ಮೀಸಲು.

ಕೆಂಚ ಜಾತಿನಾಯಿಯಲ್ಲ, ಬೀದಿಯವನು. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತಷ್ಟೆ. ಹೋಟೆಲು, ಚಹದಂಗಡಿ, ವಡಾಪಾವಿನ ಗಾಡಿ ಎಲ್ಲ ಮುಚ್ಚಿದ ಮೇಲೆ, ಅವುಗಳ ಎಂಜಲನ್ನೇ ನಂಬಿದ್ದ ನಾಯಿಗಳ ಹೊಟ್ಟೆಗೂ ಬೀಗ ಬಿತ್ತು. ಹಡಪಸರದ ಕಡೆಯಿಂದ ಕುಂಟುತ್ತ ಬಂದು ನಮ್ಮ ಕಟ್ಟಡದ ಗೇಟಿನ ಬಳಿ ಮಲಗಿದವನ ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಒಂದು ಕಿವಿಯ ತುದಿ ಕತ್ತರಿಸಿತ್ತು. ಸಂತಾನವಾಗದಂತೆ ಶಸ್ತ್ರಚಿಕಿತ್ಸೆಯಾದ ಬೀದಿನಾಯಿಗೆ ಇಡುವ ಗುರುತು ಅದು. ಎಂದರೆ, ನಮಗಿಂತ ಮೊದಲೇ ಯಾರೋ ಪುಣ್ಯಾತ್ಮರು ಇವನ ಯೋಗಕ್ಷೇಮ ವಿಚಾರಿಸಿದ್ದರು. ನಾವು ಮಾಡಿದ್ದು ಆ ಕೆಲಸದ ಮುಂದಿನ ಭಾಗ ಮಾತ್ರ.

ಈ ಮಗರಪಟ್ಟಾ ನಗರವೂ ಹಿಂದೆ ಹೊಲಗದ್ದೆಯೇ. ಸುಮಾರು 120 ರೈತ ಕುಟುಂಬಗಳು ತಮ್ಮ 400 ಎಕರೆಗಳಷ್ಟು ನೆಲವನ್ನು ಪರರಿಗೆ ಮಾರದೆ, ಒಟ್ಟುಗೂಡಿಸಿ, ತಾವೇ ಪಾಲುದಾರರಾಗಿ ಕಟ್ಟಿಸಿದ ಊರು. ಹೊಲ ಹೋಗಿ ಮಹಡಿಗಳೆದ್ದವು. ಹೊಲ ಕಾಯುತ್ತಿದ್ದ ನಾಯಿಗಳ ಮಕ್ಕಳು ಮೊಮ್ಮಕ್ಕಳು ಎಲ್ಲಿಗೆ ಹೋಗಬೇಕು? ನೆಲದ ಲೆಕ್ಕ ಹಿಡಿದರೆ ಕೆಂಚ ಇಲ್ಲಿಯವನು, ಹೊರಗಿನಿಂದ ಬಂದವರು ನಾವು.

ಬಂದಾಗ ಅವನಿಗೆ ಗೊತ್ತಿದ್ದುದು ಮರಾಠಿ ಮಾತ್ರ. ನಮ್ಮ ಅಜ್ಜಿಗೆ ಬರುತ್ತಿದ್ದುದು ಕನ್ನಡ ಮಾತ್ರ. ಇಬ್ಬರಲ್ಲಿ ಯಾರು ಸೋಲಬೇಕು? ಕೆಂಚನೇ ಸೋತ. ಒಂದು ತಿಂಗಳಲ್ಲಿ ‘ಬಾರೋ’, ‘ಕೂತ್ಕೊ’, ‘ಸುಮ್ನಿರು’, ‘ಮುದ್ದೆ ಬೇಕಾ’ ಎಲ್ಲವೂ ಅವನಿಗೆ ಕರತಲಾಮಲಕ. ಅಲ್ಲಿಂದ ಒಂದು ವಿಚಿತ್ರ ನಡೆಯಿತು. ನಮ್ಮ ಮನೆಯಲ್ಲಿ ಇಂಗ್ಲಿಷು ಶಾಲೆಗೆ, ಹಿಂದಿ ಲಿಫ್ಟಿಗೆ, ಮರಾಠಿ ತರಕಾರಿಯವಳಿಗೆ ಎಂದು ಹಂಚಿಹೋಗಿದ್ದವು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಮಕ್ಕಳು, ಕೆಂಚನಿಗೆ ಬೇರೆ ಭಾಷೆ ತಿಳಿಯದೆಂದು, ಅವನೊಡನೆ ದಿನವೆಲ್ಲ ಕನ್ನಡ ಆಡತೊಡಗಿದರು. ಯಾವ ಸಂಘವೂ ಮಾಡಿಸಲಾರದ ಕೆಲಸವನ್ನು ಒಂದು ನಾಯಿ ಮಾಡಿಸಿತು.

ಮೂತ್ರಪಿಂಡ ಸೋತು ಅವನು ಹೋದ ಮೇಲೆ ಮನೆಯಲ್ಲಿ ಬೊಗಳುವ ಸದ್ದು ನಿಂತಿತೆಂಬುದು ಸರಿಯೆ. ಅದಕ್ಕಿಂತ ಹೆಚ್ಚಾಗಿ, ಕನ್ನಡದ ಸದ್ದು ಕುಗ್ಗಿತು. ಸಂಕಟದ ನಿಜವಾದ ಅಳತೆ ನಮಗೆ ಸಿಕ್ಕಿದ್ದು ಅಲ್ಲಿ.

“ಒಂದು ನಾಯಿಗೆ ಇಷ್ಟು ಅಳುವುದೆ? ಇನ್ನೊಂದು ತಂದರಾಯಿತಪ್ಪ” ಎಂದು ಹಿತೈಷಿಗಳು ಹೇಳಿದರು. ಅವರಿಗೆ ನಮ್ಮ ಉತ್ತರ ಆತಕೂರಿನಲ್ಲಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆ ಊರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕಾಲ ಕ್ರಿಸ್ತಶಕ 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಗೆದ್ದರು. ಚೋಳ ರಾಜಾದಿತ್ಯ ಮಡಿದ. ಆ ಕಾಳಗದಲ್ಲಿ ಮೆರೆದ ಮಣಲೇರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳೆಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಪುಣ್ಯಾತ್ಮ ಕೇಳಿದ್ದು ‘ಕಾಳಿ’ ಎಂಬ ನಾಯಿಯನ್ನು! ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ಒಂದು ಹೆಬ್ಬಂದಿಯ ಮೇಲೆ ಬಿಟ್ಟರು. ಎರಡೂ ಸೆಣಸಿ ಒಟ್ಟಿಗೆ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ, ನಾಯಿ ಹಂದಿಗಳ ಜಗಳವನ್ನು ಕೆತ್ತಿಸಿ, ಭೂಮಿ ಬಿಟ್ಟರು. ಚಕ್ರವರ್ತಿಯ ದಿಗ್ವಿಜಯವೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನ ಮೇಲಿವೆ. ಸಾವಿರ ವರ್ಷದ ಹಿಂದಿನ ಕನ್ನಡಿಗರು ನಾಚದ ದುಃಖಕ್ಕೆ ನಾವೇಕೆ ನಾಚಬೇಕು?

ಆ ಶಾಸನದ ಕೊನೆಯ ಕಟ್ಟಳೆ ಇನ್ನೂ ಸೊಗಸು. ಗುಡಿಯ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ನಾಯಿಯ ಪಾಪ ತಟ್ಟುವುದಂತೆ. ಹಿರಿಯರು ಅತ್ತು ಮುಗಿಸಲಿಲ್ಲ; ಅಳುವನ್ನು ಒಂದು ನಿತ್ಯದ ಕೆಲಸಕ್ಕೆ ಕಟ್ಟಿಹಾಕಿದರು.

ಫ್ಲ್ಯಾಟಿನಲ್ಲಿರುವ ನಾವು ಕಲ್ಲು ಎಲ್ಲಿ ನೆಡೋಣ? ಆದ್ದರಿಂದ ಕಟ್ಟಳೆಯನ್ನು ಮಾತ್ರ ಇಟ್ಟುಕೊಂಡಿದ್ದೇವೆ. ಕೆಂಚನ ತಟ್ಟೆ ಈಗ ಕೆಳಗೆ ಬೀದಿನಾಯಿಗಳಿಗೆ ನೀರಿಡುವ ತಟ್ಟೆ. ಅದಕ್ಕೆ ನೀರು ತುಂಬದೆ ಮಕ್ಕಳು ತಿಂಡಿಗೆ ಕೂರುವುದಿಲ್ಲ. ಇದಕ್ಕೆ ನೆರೆಹೊರೆಯವರೊಡನೆ ಜಗಳವೂ ಬೇಕಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ, ಬೀದಿನಾಯಿಗಳಿಗೆ ಅನ್ನವಿಡುವ ಏರ್ಪಾಡು ನಿವಾಸಿಗಳ ಸಂಘದ ಹೊಣೆ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಬಾಗಿಲುಗಳಿಂದ ದೂರವಾಗಿ ಸ್ಥಳ ಗೊತ್ತುಮಾಡಬೇಕು. ನಾಯಿಗೆ ಹೆದರುವವರ ಭಯವೂ ನ್ಯಾಯವಾದುದೇ. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಬದುಕಿದವರು ತೀರ ಅಪರೂಪ. ಕಚ್ಚಿದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಅನ್ನವಿಡುವವರು ಲಸಿಕೆಗೂ ಶಸ್ತ್ರಚಿಕಿತ್ಸೆಗೂ ಓಡಾಡಿದರೆ ಕರುಣೆಗೂ ಭಯಕ್ಕೂ ರಾಜಿಯಾದೀತು.

ಇಂಥ ಸಾವು ಕಂಡ ಮನೆಯವರಿಗೆ ಇನ್ನೊಂದು ಮಾತು. ಮಕ್ಕಳಿಗೆ ‘ಊರಿಗೆ ಹೋಗಿದ್ದಾನೆ’ ಎಂದು ಹೇಳಬೇಡಿ. ನಮ್ಮಂಥವರ ಮಕ್ಕಳಿಗೆ ಊರೆಂದರೆ ರಜೆಗೆ ಹೋಗಿ ಬರುವ ಅಜ್ಜನ ಮನೆ. ಹೋದವರು ಮರಳಿ ಬಾರದ ಜಾಗ ಅದಾಗಬಾರದು. ನಿಜ ಹೇಳಿ, ಜೊತೆಗೆ ಕೂತು ಅತ್ತುಬಿಡಿ. ಕನ್ನಡದಲ್ಲಿಯೇ ಅಳಿ.