ಟೀಮ್ ಸೋತರೆ ಹೀಲರ್ ಮೇಲೇ ಯಾಕೆ ಸಿಟ್ಟು?

ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ರಾತ್ರಿ ಗೇಮಿಗೆ ಕೂರುವ ಗೆಳೆಯರಿಗೆ ನಮ್ಮದೊಂದು ಮಾತು: ಟೀಮ್ ಸೋತ ಕೂಡಲೇ ಹೀಲರ್‌ಗೆ ಬಯ್ಯುವುದನ್ನು ನಿಲ್ಲಿಸಿ.

ಗೊತ್ತಿಲ್ಲದವರಿಗೆ ಹೇಳುತ್ತೇವೆ. ರೇಡ್ ಅಂದರೆ ಹಲವರು ಸೇರಿ ಒಬ್ಬ ದೈತ್ಯನನ್ನು ಬೀಳಿಸುವ ಆಟ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಅತಿ ಕಠಿಣ ಹಂತವಾದ ಮಿಥಿಕ್‌ಗೆ 20 ಜನ ಬೇಕು. ಅವರಲ್ಲಿ ಸಾಮಾನ್ಯವಾಗಿ ನಾಲ್ವರು ಹೀಲರ್‌ಗಳು, ಅಂದರೆ ಪೆಟ್ಟು ತಿಂದವರಿಗೆ ಜೀವ ತುಂಬುವವರು. ಇಡೀ ಟೀಮನ್ನು ಒಮ್ಮೆಗೇ ಉಳಿಸುವ ದೊಡ್ಡ ಶಕ್ತಿಯೂ ಅವರ ಬಳಿ ಇರುತ್ತದೆ. ಆದರೆ ಒಮ್ಮೆ ಬಳಸಿದರೆ ಮತ್ತೆ ಸಿಗಲು ಎಷ್ಟೋ ಸಲ 3 ನಿಮಿಷ ಬೇಕು. ದೈತ್ಯ ಅಷ್ಟು ಹೊತ್ತು ಕಾಯುವುದಿಲ್ಲ.

ಮೊದಲ ಹೊಡೆತಕ್ಕೇ ನಾಲ್ವರೂ ಗಾಬರಿಬಿದ್ದು ಶಕ್ತಿ ಸುರಿದರೆ ಎರಡನೆಯದಕ್ಕೆ ಕೈ ಖಾಲಿ. ತಪ್ಪು ಪಾಳಿ ಪಟ್ಟಿ ಬರೆಯದ ಲೀಡರ್‌ನದು. ಎಲ್ಲ ಎಲೆಕ್ಟ್ರಿಷಿಯನ್‌ಗಳನ್ನೂ ಹಗಲು ಪಾಳಿಗೇ ಹಾಕಿ, ರಾತ್ರಿ ಮಷಿನ್ ನಿಂತಾಗ ಕೂಗಾಡುವ ಸೂಪರ್‌ವೈಸರ್‌ನನ್ನು ನೀವು ಒಪ್ಪುತ್ತೀರಾ?

‘ಆಟಕ್ಕೆ ಇಷ್ಟೆಲ್ಲ ಲೆಕ್ಕ ಯಾಕೆ, ಕೈಚಳಕ ಸಾಕು’ ಎನ್ನುವವರಿದ್ದಾರೆ. ಹಾಗಾದರೆ ಒಂದೇ ದೈತ್ಯನ ಮುಂದೆ ರಾತ್ರಿಯಿಡೀ ಯಾಕೆ ಸಾಯುತ್ತೀರಿ? ಮೊದಲ ಹೊಡೆತಕ್ಕೆ ಯಾರು, ಎರಡನೆಯದಕ್ಕೆ ಯಾರು, ಅವರು ಸತ್ತರೆ ಬದಲಿ ಯಾರು ಎಂದು ಮೊದಲೇ ಬರೆದುಕೊಳ್ಳಿ. ಉಳಿದವರು ಬೆಂಕಿ ಬಿದ್ದ ಜಾಗದಿಂದ ಸರಿಯುವುದನ್ನು ಕಲಿಯಿರಿ. ಬೆಂಕಿಯಲ್ಲೇ ನಿಂತವನನ್ನು ಯಾವ ಹೀಲರ್ ಕೂಡ ಉಳಿಸಲಾರ.

ಗೆದ್ದರೆ ಹೊಡೆದವನಿಗೆ ಹೊಗಳಿಕೆ, ಸೋತರೆ ಕಾಯ್ದವನಿಗೆ ಬೈಗುಳ. ಈ ಚಾಳಿ ಬಿಡದಿದ್ದರೆ ನಾಳೆ ಹೀಲರ್ ಆಗಲು ಯಾರೂ ಬರುವುದಿಲ್ಲ. ಆಗ ದೈತ್ಯನಿಗೆ ನಿಮ್ಮ ಕೈಚಳಕ ತೋರಿಸಿ.