ನೀರಿನ ಲೆಕ್ಕವೂ ವ್ಯಾಪಾರದ ಗುಟ್ಟೆ?

ನಮ್ಮ ಕೆರೆಗಳ ನೀರಗಂಟಿಯು ತೂಬೆತ್ತುತ್ತಿದ್ದುದು ಊರವರ ಕಣ್ಣೆದುರಿಗೆ. ಅಮೆರಿಕದ ಆರೆಗಾನ್ ಸಂಸ್ಥಾನದ ದಿ ಡ್ಯಾಲ್ಸ್ ಎಂಬ ಪಟ್ಟಣದ ನಗರಸಭೆಗೆ ಈ ಮರ್ಯಾದೆ ರುಚಿಸಲಿಲ್ಲ. ಅಲ್ಲಿ ಗೂಗಲ್ ಸಂಸ್ಥೆಯ ಡೇಟಾ ಸೆಂಟರುಗಳಿವೆ. ಹಗಲಿರುಳು ಕಾದುರಿಯುವ ಗಣಕಯಂತ್ರಗಳನ್ನು ತಣಿಸಲು ನೀರು ಬೇಕು. ಎಷ್ಟು ಬೇಕೆಂದು 2021ರಲ್ಲಿ ಒಂದು ವೃತ್ತಪತ್ರಿಕೆ ಕೇಳಿತು. ತಿಳಿಸತಕ್ಕದ್ದೆಂದು ಜಿಲ್ಲೆಯ ಸರ್ಕಾರಿ ವಕೀಲರು ಆಜ್ಞಾಪಿಸಿದರೂ ನಗರಸಭೆಯು ಅದು ವ್ಯಾಪಾರರಹಸ್ಯವೆಂದು ವಾದಿಸಿ, ಕೇಳಿದವರ ಮೇಲೆಯೇ ದಾವೆ ಹೂಡಿತು! ವರ್ಷಕ್ಕೂ ಮಿಗಿಲಾಗಿ ಹೆಣಗಿ, 2022ರ ಡಿಸೆಂಬರಿನಲ್ಲಿ ರಾಜಿಯಾಗಿ ಬಾಯಿಬಿಟ್ಟಿತು: 2021ರೊಂದರಲ್ಲಿಯೇ ಸುಮಾರು 35 ಕೋಟಿ 50 ಲಕ್ಷ ಗ್ಯಾಲನ್, ಊರಿನ ಒಟ್ಟು ಬಳಕೆಯ ಕಾಲುಭಾಗಕ್ಕೂ ಹೆಚ್ಚು.

ಲೆಕ್ಕ ಕೇಳಿದರೆ ಕೈಗಾರಿಕೆಯು ಓಡಿಹೋದೀತೆಂದು ಹೆದರಿಸುವ ಪಂಡಿತರುಂಟು. ಓಡಿತೆ? ಅಂಕಿ ಬಯಲಾದ ಮೇಲೂ ಅಲ್ಲಿನ ಯಂತ್ರಗಳು ನಡೆಯುತ್ತಲೇ ಇವೆ. ಗೂಗಲ್ ಸಂಸ್ಥೆಯೇ ಈಗ ತನ್ನ ಸೆಂಟರುಗಳ ನೀರಿನ ಅಂಕಿಗಳನ್ನು ಊರುವಾರಾಗಿ ಪ್ರಕಟಿಸುತ್ತಿದೆ. (ದಾರಿ ತೋರಿಸದೆ ಉತ್ತರವನ್ನಷ್ಟೇ ಬರೆದ ಹುಡುಗನಿಗೆ ನಾನು ಅಂಕ ಕೊಟ್ಟವನಲ್ಲ; ಇವರು ಉತ್ತರವನ್ನೂ ಬರೆಯಲೊಲ್ಲರು!)

ಬೆಂಗಳೂರಿನಲ್ಲಿಯೂ ಇಂತಹ ಸೆಂಟರುಗಳಿವೆ. 2024ರ ಬೇಸಗೆಯ ಬರಗಾಲದಲ್ಲಿ, ಕುಡಿಯುವ ನೀರಿನಿಂದ ಕಾರು ತೊಳೆಯುವವರಿಗೆ 5000 ರೂಪಾಯಿ ದಂಡವೆಂದು ಅಲ್ಲಿನ ಜಲಮಂಡಳಿಯು ಸಾರಿತು. ತಪ್ಪೆನ್ನಲಾರೆ. ಆದರೆ ಗೃಹಸ್ಥನ ಬಕೀಟನ್ನು ಅಳೆದವರು ಈ ಸೆಂಟರುಗಳ ಕೊಳಾಯಿಯನ್ನೂ ಕೊಳವೆಬಾವಿಯನ್ನೂ ಅಳೆದು, ತಿಂಗಳುತಿಂಗಳ ಅಂಕಿಯನ್ನು ಆಯಾ ವಾರ್ಡಿನ ಕಛೇರಿಯ ಹಲಗೆಯ ಮೇಲೆ, ದಾರಿಹೋಕನಿಗೂ ಓದಬರುವ ಕನ್ನಡದಲ್ಲಿ ಬರೆಸಲಿ.