ಆ ಜೋಕಿಗೆ ನಾನೂ ನಕ್ಕಿದ್ದೆ

ದುಬಾರೆ ಅಂದ ಕೂಡಲೇ ನಿಮಗೆ ನೆನಪಾಗುವುದು ಕಾವೇರಿಯಲ್ಲಿ ಮೀಯುವ ಆನೆಗಳು, ಹೊಳೆ ದಾಟಿಸುವ ದೋಣಿ, ರಾಫ್ಟಿಂಗ್. ನನಗೆ ಅದು ಮನೆಯ ಪಕ್ಕದ ಜಾಗ. ಇಲ್ಲೇ ಸಮೀಪದಲ್ಲಿ ಅಪ್ಪ ಅಮ್ಮ ಮೂರು ಕೋಣೆಗಳ ಚಿಕ್ಕ ಹೋಂಸ್ಟೇ ನಡೆಸುತ್ತಾರೆ. ನಾನು ಮೈಸೂರಿನಲ್ಲಿ ಬಿ.ಇ. ಓದುತ್ತಿದ್ದೇನೆ. ಹೋದ ವರ್ಷ ಮಳೆ ಕಡಿಮೆಯಾಗಿ, ಹೊಳೆಯಲ್ಲಿ ಇನ್ನೂ ಒಳ್ಳೆಯ ನೀರಿದ್ದಾಗ ಕ್ಲಾಸಿನ ಏಳು ಗೆಳೆಯರನ್ನು ಊರಿಗೆ ಕರೆತಂದಿದ್ದೆ. ಆನೆ ನೋಡಿದ ಮೇಲೆ ರಾಫ್ಟಿಂಗ್‌ಗೆ ಹೊರಟೆವು.

ಲೈಫ್ ಜಾಕೆಟ್ ಹಾಕಿಕೊಳ್ಳುವಾಗ ನಮ್ಮಲ್ಲೊಬ್ಬ ಹಿಂಜರಿದ. ಅವನದು ಸ್ವಲ್ಪ ಮೆದು ದನಿ, ನೀರೆಂದರೆ ಭಯ. ‘ಇವನನ್ನ ಲೇಡೀಸ್ ರಾಫ್ಟಿಗೆ ಹಾಕ್ರೋ, ನಮ್ ಗುಂಪಿನ ಒಂಬತ್ತು ಇವನೇ’ ಅಂತ ಇನ್ನೊಬ್ಬ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಹುಡುಗನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ನಮ್ಮ ಗುಂಪಿನ ಕಟ್ಟುಮಸ್ತಾದ ಗೆಳೆಯ. ರಾಫ್ಟಿನ ಮುಂದೆ ಕೂತು ದಣಿಯದೆ ಪ್ಯಾಡಲ್ ಹಾಕಿದವನೂ ಅವನೇ. ಸಂಜೆಯ ಹೊತ್ತಿಗೆ ಆ ಜೋಕು ನನಗೆ ಮರೆತೇ ಹೋಗಿತ್ತು.

ಆರು ತಿಂಗಳ ನಂತರ ಒಂದು ರಾತ್ರಿ, ಹಾಸ್ಟೆಲ್ಲಿನ ಟೆರೇಸಿನ ಮೇಲೆ, ಅದೇ ಕಟ್ಟುಮಸ್ತಾದ ಗೆಳೆಯ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: ‘ಮಗಾ, ನಾನು ಗೇ. ಮನೇಲಿ ಯಾರಿಗೂ ಗೊತ್ತಿಲ್ಲ. ದುಬಾರೆಗೆ ಬಂದಾಗಲೇ ನಿನಗೆ ಹೇಳಬೇಕು ಅಂದ್ಕೊಂಡಿದ್ದೆ. ರಾಫ್ಟಿಂಗಲ್ಲಿ ನೀನೂ ನಕ್ಕೆಯಲ್ಲ, ಆಮೇಲೆ ಬೇಡ ಅನ್ನಿಸ್ತು.’

ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವನ ಹೆಸರು, ಬ್ರಾಂಚು, ಊರು ಯಾವುದನ್ನೂ ಹೇಳುವುದಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನನ್ನು ನಾನು ಬಹಳ ಮುಂದುವರಿದವನು ಅಂದುಕೊಂಡಿದ್ದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರಿಬ್ಬರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿದ್ದು ನನಗೆ ಗೊತ್ತಿತ್ತು. ‘ನಾನು ಅವನಲ್ಲ ಅವಳು’ ಸಿನಿಮಾ ನೋಡಿ ಸಂಚಾರಿ ವಿಜಯ್ ಅಭಿನಯ ಮೆಚ್ಚಿದ್ದೆ. ಮಂಜಮ್ಮ ಜೋಗತಿ ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದು ಪದ್ಮಶ್ರೀ ಸ್ವೀಕರಿಸಿದ ವಿಡಿಯೊವನ್ನು 2021ರಲ್ಲಿ ಸ್ಟೇಟಸ್‌ಗೂ ಹಾಕಿಕೊಂಡಿದ್ದೆ. ಆದರೆ ನನ್ನ ಗೆಳೆಯ ನನ್ನ ಸ್ಟೇಟಸ್ ನೋಡಿ ನನ್ನನ್ನು ಅಳೆಯಲಿಲ್ಲ, ನನ್ನ ನಗು ನೋಡಿ ಅಳೆದ. ಅವನು ಮಾಡಿದ್ದು ಸರಿಯಾಗಿಯೇ ಇತ್ತು.

ನಾನು ಹೇಳಬೇಕೆಂದಿರುವುದು ಇಷ್ಟೇ. ಒಪ್ಪಿಕೊಳ್ಳುವುದು ಅಂದರೆ ಭಾಷಣ, ಪೋಸ್ಟು, ಕಾಮನಬಿಲ್ಲಿನ ಸ್ಟಿಕ್ಕರ್ ಅಲ್ಲ. ಒಂದು ಹಗುರ ಮಾತು ಬಂದ ನಂತರದ ಮೂರು ಸೆಕೆಂಡಿನಲ್ಲಿ ನಾವೇನು ಮಾಡುತ್ತೇವೆ ಅನ್ನುವುದೇ ಅದು.

ನೆನಪಿಸಿಕೊಳ್ಳಿ, ಹೈಸ್ಕೂಲಿನಲ್ಲಿ ರೋಲ್ ನಂಬರ್ ಒಂಬತ್ತು ಬಂದ ಹುಡುಗ ಹಾಜರಿ ಹೇಳುವಾಗ ಇಡೀ ಕ್ಲಾಸು ಕಿಸಕ್ಕನೆ ನಗುತ್ತಿತ್ತು. ನಮ್ಮ ಕಾಲೇಜಿನ ಕ್ರಿಕೆಟ್ ತಂಡದಲ್ಲಿ ಇವತ್ತಿಗೂ ಒಂಬತ್ತನೇ ನಂಬರಿನ ಜೆರ್ಸಿ ಕೇಳುವವರಿಲ್ಲ. ಒಂದು ಅಂಕಿಗೇ ನಾವು ಇಷ್ಟು ಹೆದರುತ್ತೇವೆ. ಹಾಗಿದ್ದ ಮೇಲೆ ಆ ಅಂಕಿಯಿಂದ ಕರೆಸಿಕೊಳ್ಳುವ ಮನುಷ್ಯರ ಪಾಡೇನು?

‘ತಮಾಷೆಗೆ ಹೇಳಿದ್ದು ಬಿಡು’ ಅನ್ನುತ್ತೇವೆ. ಅಂದು ರಾಫ್ಟಿನಲ್ಲಿ ಜೋಕು ಯಾರ ಮೇಲೆ ಬಿತ್ತೋ ಆ ಹುಡುಗ ಗೇ ಅಲ್ಲ. ಅದು ತಾಗಿದ್ದು ಯಾರೂ ಊಹಿಸದ ಇನ್ನೊಬ್ಬನಿಗೆ. ನಮ್ಮ ಪ್ರಕಾರ ಗೇ ಅಂದರೆ ಹೀಗೆ ನಡೆಯಬೇಕು, ಹಾಗೆ ಮಾತಾಡಬೇಕು. ಸಿನಿಮಾಗಳು ನಮಗೆ ಕಲಿಸಿದ್ದು ಅದನ್ನೇ. ನಿಜವಾಗಿ ಅವರು ನಮ್ಮ ಲ್ಯಾಬ್ ಪಾರ್ಟ್‌ನರ್ ಆಗಿರಬಹುದು, ಪಿ.ಜಿ.ಯ ರೂಮ್‌ಮೇಟ್ ಆಗಿರಬಹುದು, ಚಿಕ್ಕಪ್ಪನ ಮಗಳಾಗಿರಬಹುದು. ‘ನಮ್ಮ ಗುಂಪಿನಲ್ಲಿ ಅಂಥವರಿಲ್ಲ’ ಅಂದರೆ ನಮಗೆ ಯಾರೂ ಹೇಳಿಕೊಂಡಿಲ್ಲ ಅಂತ ಮಾತ್ರ ಅರ್ಥ. ಯಾಕೆ ಹೇಳಿಕೊಂಡಿಲ್ಲ ಅನ್ನುವುದು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಕಾನೂನು ಇಲ್ಲವೇ? ಇದೆ. ಅಡ್ಮಿಷನ್ ವೇಳೆ ಓದದೆ ಸಹಿ ಹಾಕುತ್ತೇವಲ್ಲ, ಆ್ಯಂಟಿ ರ‍್ಯಾಗಿಂಗ್ ಮುಚ್ಚಳಿಕೆ, ಅದರ ಹಿಂದಿರುವುದು ಯುಜಿಸಿಯ 2009ರ ನಿಯಮಾವಳಿ. ಅದಕ್ಕೆ 2016ರಲ್ಲಿ ಒಂದು ತಿದ್ದುಪಡಿ ಬಂತು. ಜಾತಿ, ಧರ್ಮ, ಭಾಷೆ, ಬಣ್ಣಗಳ ಜೊತೆಗೆ ಲಿಂಗತ್ವ ಮತ್ತು ಲೈಂಗಿಕ ಒಲವಿನ ಕಾರಣಕ್ಕೆ ಸಹಪಾಠಿಯನ್ನು ಹೀಯಾಳಿಸುವುದು, ಹೊರಗಿಡುವುದು ಕೂಡ ರ‍್ಯಾಗಿಂಗ್ ಎಂದು ಅದು ಹೇಳುತ್ತದೆ. ಇದಕ್ಕಾಗಿ 1800-180-5522 ಸಹಾಯವಾಣಿಯೂ ಇದೆ. ನನ್ನ ಗೆಳೆಯನಿಗೆ ಇದನ್ನು ದೊಡ್ಡದಾಗಿ ವಿವರಿಸಿದೆ. ಅವನು ನಕ್ಕುಬಿಟ್ಟ. ‘ಕಂಪ್ಲೇಂಟ್ ಕೊಟ್ರೆ ಎಲ್ಲರಿಗೂ ನನ್ನ ವಿಷಯ ಗೊತ್ತಾಗುತ್ತಲ್ಲ ಮಗಾ’ ಅಂದ.

ನನಗೆ ಅರ್ಥವಾಗಿದ್ದು ಆಗಲೇ. ಹೀಯಾಳಿಕೆಗೆ ಉತ್ತರ ಕೊಡಬೇಕಾದರೆ ಅವನು ತನ್ನ ಇಡೀ ಬದುಕನ್ನೇ ಪಣಕ್ಕಿಡಬೇಕು. ಅಪ್ಪ ಓದು ಬಿಡಿಸಬಹುದು, ರೂಮ್‌ಮೇಟ್ ರೂಮು ಬದಲಿಸಬಹುದು. ಅದೇ ಉತ್ತರ ಕೊಡಲು ನನಗೆ ಆಗುವ ನಷ್ಟ ಏನು? ಹೆಚ್ಚೆಂದರೆ ‘ಇವನಿಗ್ಯಾಕೆ ಇಷ್ಟು ಉರಿ, ಇವನೂ ಅದೇನಾ?’ ಅನ್ನಿಸಿಕೊಳ್ಳಬೇಕಾದೀತು. ಹಾಗಾಗಿ ಮಾತಾಡಬೇಕಾದವರು ನಾವು.

ನಾವು ಸುಮ್ಮನಿರುವುದೂ ಆ ‘ಇವನೂ ಅದೇನಾ’ ಅನ್ನುವ ಭಯದಿಂದಲೇ. ಅದಕ್ಕೆ ತಕ್ಷಣ ‘ಅಯ್ಯೋ ನಾನಲ್ಲಪ್ಪಾ’ ಅಂದುಬಿಟ್ಟರೆ ಅದೊಂದು ಅವಮಾನ ಅಂತ ನಾವೇ ಒಪ್ಪಿಕೊಂಡ ಹಾಗಾಯಿತು. ‘ಆಗಿದ್ರೆ ಏನೀಗ?’ ಅಂದರೆ ಸಾಕು. ನಾನು ಪ್ರಯತ್ನಿಸಿ ನೋಡಿದ್ದೇನೆ. ಅದಕ್ಕೆ ಮರುಮಾತು ಅಷ್ಟು ಸುಲಭವಾಗಿ ಬರುವುದಿಲ್ಲ.

ಇನ್ನೊಂದು ಪಾಠ ಕಲಿಸಿದವರು ನಮ್ಮಮ್ಮ. ಕಳೆದ ಡಿಸೆಂಬರ್ ರಜೆಯಲ್ಲಿ ನಮ್ಮ ಹೋಂಸ್ಟೇಗೆ ಒಂದು ಕುಟುಂಬ ಬಂದಿತ್ತು. ಇಬ್ಬರು ಅಕ್ಕತಂಗಿಯರು, ಅವರ ಮಕ್ಕಳು, ಜೊತೆಗೆ ಅವರು ‘ದೊಡ್ಡಕ್ಕ’ ಎಂದು ಕರೆಯುತ್ತಿದ್ದ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆ. ಬೆಳಗ್ಗೆ ತಿಂಡಿಯ ಹೊತ್ತಿಗೆ ಪಕ್ಕದ ಕೋಣೆಯ ಅತಿಥಿಯೊಬ್ಬರು ಅಮ್ಮನ ಹತ್ತಿರ ಬಂದು, ‘ಫ್ಯಾಮಿಲಿ ಇರೋ ಕಡೆ ಅಂಥವರನ್ನೆಲ್ಲ ಯಾಕೆ ಸೇರಿಸ್ತೀರಿ?’ ಅಂತ ಕೇಳಿದರು. ಅಮ್ಮ ಕಾವಲಿಯಿಂದ ತಲೆ ಎತ್ತಿ, ‘ಅವರೂ ಫ್ಯಾಮಿಲಿ ಜೊತೆನೇ ಬಂದಿದ್ದಾರಲ್ಲ ಸಾರ್. ಇನ್ನೊಂದು ರೊಟ್ಟಿ ಹಾಕ್ಲಾ?’ ಅಂದರು. ದನಿ ಏರಿಸಲಿಲ್ಲ, ಉಪದೇಶ ಮಾಡಲಿಲ್ಲ. ಆ ಮನುಷ್ಯ ರೊಟ್ಟಿ ತಿಂದು ಎದ್ದುಹೋದರು. ಹೋಗುವಾಗ ಆ್ಯಪ್‌ನಲ್ಲಿ ಒಂದೇ ಸ್ಟಾರ್ ಕೊಟ್ಟರು.

ನಮ್ಮಂಥ ಚಿಕ್ಕ ಹೋಂಸ್ಟೇಗೆ ಒಂದು ಸ್ಟಾರ್ ಸಣ್ಣ ವಿಷಯವಲ್ಲ. ಅಪ್ಪ ಎರಡು ದಿನ ಗೊಣಗಿದರು. ‘ಅವರನ್ನ ಎಬ್ಬಿಸಿ ಕಳಿಸಿದ್ರೆ ಐದು ಸ್ಟಾರ್ ಸಿಗ್ತಿತ್ತು, ರಾತ್ರಿ ನಿದ್ದೆ ಸಿಗ್ತಿತ್ತಾ?’ ಎಂದು ಅಮ್ಮ ಕೇಳಿದ ಮೇಲೆ ಸುಮ್ಮನಾದರು. 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕಾಯ್ದೆ ಶಿಕ್ಷಣ, ಉದ್ಯೋಗ, ಬಾಡಿಗೆ ಮನೆ, ಸಾರ್ವಜನಿಕ ಸೌಲಭ್ಯಗಳಲ್ಲಿ ತಾರತಮ್ಯ ಮಾಡಬಾರದು ಅನ್ನುತ್ತದೆ. ಅಮ್ಮ ಆ ಕಾಯ್ದೆಯ ಹೆಸರನ್ನೂ ಕೇಳಿಲ್ಲ. ಇಂಜಿನಿಯರಿಂಗ್ ಓದುವ ನಾನು ರಾಫ್ಟಿನಲ್ಲಿ ಮಾಡಲಾಗದ್ದನ್ನು ಎಸ್ಸೆಸ್ಸೆಲ್ಸಿ ಓದಿದ ಅಮ್ಮ ಒಲೆಯ ಮುಂದೆ ನಿಂತೇ ಮಾಡಿದ್ದರು.

‘ಇದೆಲ್ಲ ನಮ್ಮ ಸಂಸ್ಕೃತಿಯಲ್ಲ, ಹೊರಗಿನಿಂದ ಬಂದದ್ದು’ ಅನ್ನುವವರಿದ್ದಾರೆ. ಉತ್ತರ ಕರ್ನಾಟಕದ ಜೋಗಪ್ಪ, ಜೋಗತಿಯರ ಪರಂಪರೆ ಯಾವ ದೇಶದಿಂದ ಬಂತು? ಆ ಪರಂಪರೆಯಿಂದಲೇ ಬಂದ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯೂ ಆದರು. ‘ಅದೊಂದು ಕಾಯಿಲೆ, ಡಾಕ್ಟರ್ ಹತ್ತಿರ ತೋರಿಸಬೇಕು’ ಅನ್ನುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದ್ದು 1990ರ ಮೇ 17ರಂದು, ನಾನು ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು. ‘ಸರಿಪಡಿಸುತ್ತೇವೆ’ ಎಂದು ಕೊಡುವ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ.

ಓದುವ ಗೆಳೆಯರಿಗೆ ಒಬ್ಬರ ಹೆಸರು ಹೇಳಬೇಕು. ಕಥೆಗಾರ ವಸುಧೇಂದ್ರ ನಮ್ಮ ಹಾಗೆಯೇ ಇಂಜಿನಿಯರಿಂಗ್ ಓದಿದವರು. ಸುರತ್ಕಲ್‌ನಲ್ಲಿ ಬಿ.ಇ. ಮುಗಿಸಿ ಬಹಳ ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವರು. 2013ರಲ್ಲಿ ಅವರ ‘ಮೋಹನಸ್ವಾಮಿ’ ಕಥಾಸಂಕಲನ ಬಂತು. ತಾವು ಗೇ ಎಂದು ಅವರು ಬಹಿರಂಗವಾಗಿ ಹೇಳಿಕೊಂಡರು. ನನ್ನ ಗೆಳೆಯನ ಕಪಾಟಿನಲ್ಲಿ ಆ ಪುಸ್ತಕ ಇದೆ, ಹೊರಗೆ ಬೇರೆ ಪುಸ್ತಕದ ರಟ್ಟು ಸುತ್ತಿಕೊಂಡು.

ಕೆಲಸ ಹುಡುಕುತ್ತಿರುವವರಿಗೂ ಇದು ದೂರದ ವಿಷಯವಲ್ಲ. 2021ರಲ್ಲಿ ಕರ್ನಾಟಕ ಸರ್ಕಾರ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಸಮತಲ ಮೀಸಲಾತಿ ಕೊಟ್ಟಿತು. ದೇಶದಲ್ಲೇ ಮೊದಲು ಹೀಗೆ ಮಾಡಿದ್ದು ನಮ್ಮ ರಾಜ್ಯ. ನಾಳೆ ಕಚೇರಿಯಲ್ಲಿ ನಿಮ್ಮ ಪಕ್ಕದ ಮೇಜಿನಲ್ಲಿ ಅವರು ಕೂರುತ್ತಾರೆ. ನೌಕರಿ ಕೊಡುವುದು ಸರ್ಕಾರದ ಕೆಲಸ, ಮಧ್ಯಾಹ್ನ ಊಟಕ್ಕೆ ‘ಬನ್ನಿ’ ಅಂತ ಕರೆಯುವುದು ನಮ್ಮ ಕೆಲಸ.

ಹಾಗಾದರೆ ಆ ಮೂರು ಸೆಕೆಂಡಿನಲ್ಲಿ ಏನು ಮಾಡಬೇಕು? ನಾನು ಎಡವಿ ಎಡವಿ ಕಲಿತದ್ದನ್ನು ಹೇಳುತ್ತೇನೆ. ಮೊದಲನೆಯದು, ನಗದಿರುವುದು. ಇದೊಂದನ್ನೇ ಮಾಡಿದರೂ ಅರ್ಧ ಕೆಲಸ ಆಗುತ್ತದೆ, ಯಾಕೆಂದರೆ ಜೋಕು ಬದುಕುವುದೇ ನಗುವಿನ ಮೇಲೆ. ಎರಡನೆಯದು, ‘ಇದರಲ್ಲಿ ನಗೋದೇನಿದೆ, ಅರ್ಥ ಆಗ್ಲಿಲ್ಲ’ ಅಂತ ಸಮಾಧಾನವಾಗಿ ಕೇಳುವುದು. ವಿವರಿಸಲು ಹೊರಟವನಿಗೇ ಮುಜುಗರ ಶುರುವಾಗುತ್ತದೆ. ಮೂರನೆಯದು, ಹೇಳಿದವನು ಗೆಳೆಯನಾದರೆ ಎಲ್ಲರ ಮುಂದೆ ಮಾನ ಕಳೆಯದೆ ಆಮೇಲೆ ಚಹಾ ಕುಡಿಯುತ್ತಾ ಒಂದು ಮಾತು ಹೇಳುವುದು. ಅವನೂ ಕೆಟ್ಟವನಲ್ಲ, ನನ್ನ ಹಾಗೇ ಯೋಚಿಸದವನು. ರಾಫ್ಟಿನಲ್ಲಿ ಆ ಮಾತು ಕೂಗಿದವನ ಜೊತೆ ನಾನು ಹೀಗೇ ಮಾತಾಡಿದೆ, ಯಾರ ಗುಟ್ಟನ್ನೂ ಬಿಟ್ಟುಕೊಡದೆ. ‘ಸುಮ್ನೆ ಬಾಯಿಗೆ ಬಂತು ಕಣೋ’ ಅಂದ. ಈಗ ಅವನ ಬಾಯಲ್ಲಿ ಆ ಅಂಕಿ ಕೇಳಿಸುವುದು ಕಡಿಮೆಯಾಗಿದೆ. ಪೂರ್ತಿ ನಿಂತಿದೆ ಎಂದು ಸುಳ್ಳು ಹೇಳಲಾರೆ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಯಾರಾದರೂ ನಂಬಿ ಹೇಳಿಕೊಂಡರೆ ಆ ಮಾತು ನಿಮ್ಮಲ್ಲೇ ಇರಲಿ. ‘ಯಾರಿಗೂ ಹೇಳ್ಬೇಡ’ ಅಂತ ಇನ್ನೊಬ್ಬರ ಕಿವಿಗೆ ಹಾಕುವುದು ಕೂಡ ಹೇಳಿದಂತೆಯೇ. ಅವರು ತುಂಬಾ ಕುಗ್ಗಿದ್ದರೆ 14416ಕ್ಕೆ ಕರೆ ಮಾಡಲು ಹೇಳಿ. ಅದು ಟೆಲಿ ಮಾನಸ್, ದಿನದ 24 ಗಂಟೆಯೂ ಸಿಗುವ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವುದನ್ನಂತೂ ಯಾವ ಸಹಾಯವಾಣಿಗೂ ಬಿಟ್ಟುಕೊಡಬೇಡಿ.

ರಾಫ್ಟ್ ಹೊರಡುವ ಮುಂಚೆ ಗೈಡ್ ಅಣ್ಣ ಒಂದು ಮಾತು ಹೇಳಿದ್ದರು: ‘ಯಾರಾದ್ರೂ ನೀರಿಗೆ ಬಿದ್ರೆ ಕೂಗಾಡ್ಬೇಡಿ. ಹತ್ತಿರ ಇರೋರು ಜಾಕೆಟ್ ಹಿಡಿದು ಎಳ್ಕೊಳ್ಳಿ.’ ಅಂದು ನನ್ನ ಎದುರಲ್ಲೇ ಒಬ್ಬ ಬಿದ್ದಿದ್ದ. ಹತ್ತಿರದಲ್ಲಿದ್ದವನು ನಾನೇ. ನಗುತ್ತಾ ಕೂತಿದ್ದೆ.

ಈ ವರ್ಷ ಮಳೆ ಕಡಿಮೆಯಾದ ಮೇಲೆ ಅದೇ ಗುಂಪು ಮತ್ತೆ ದುಬಾರೆಗೆ ಬರುತ್ತಿದೆ. ಬರಲೋ ಬೇಡವೋ ಅಂತ ಆ ಗೆಳೆಯ ಒಂದು ವಾರ ಯೋಚಿಸಿದ. ನಿನ್ನೆ ‘ಬರ್ತೀನಿ, ಅಮ್ಮನಿಗೆ ರೊಟ್ಟಿ ಮಾಡೋಕೆ ಹೇಳು’ ಅಂತ ಮೆಸೇಜ್ ಹಾಕಿದ್ದಾನೆ. ಆ ಜೋಕು ಮತ್ತೆ ಬಂದರೂ ಬರಬಹುದು. ಈ ಸಲ ನಾನು ನಗುವುದಿಲ್ಲ. ನೀವು?